ಗೋಲ್ಡನ್ ಹೈಲೈಟ್ಸ್ ಬಿಟ್ಟು ಮತ್ತೆ ಕಪ್ಪಿನ ಕಡೆಗೆ: ಯಾವ ದಾರಿ ಯಾರಿಗೆ?

ಏಳು ವರ್ಷ ನನ್ನ ತಲೆಯಲ್ಲಿ ಗೋಲ್ಡನ್ ಹೈಲೈಟ್ಸ್, ಅಂದರೆ ಅಲ್ಲಲ್ಲಿ ಬ್ಲೀಚ್ ಮಾಡಿಸಿದ ಬಂಗಾರ ಬಣ್ಣದ ಎಳೆಗಳು, ಇತ್ತು. ಎರಡು ಮೂರು ತಿಂಗಳಿಗೊಮ್ಮೆ ಬೆಳಗಾವಿಯ ಟಿಳಕವಾಡಿಯ ಪಾರ್ಲರ್‌ಗೆ ಹೋಗಿ, ತಲೆ ತುಂಬ ಫಾಯಿಲ್ ಕಟ್ಟಿಸಿಕೊಂಡು ಮೂರು ತಾಸು ಕೂರುತ್ತಿದ್ದೆ. ಆ ಬಣ್ಣ ನನಗೆ ಇಷ್ಟವಿತ್ತು. ಹಾಕಿಸಿಕೊಂಡದ್ದಕ್ಕೆ ಈಗಲೂ ಬೇಸರವಿಲ್ಲ. ಆದರೆ ಕಳೆದ ವರ್ಷ ಬಾಚಣಿಕೆಯಲ್ಲಿ ತುಂಡು ತುಂಡು ಕೂದಲು ಬರತೊಡಗಿತು. ಬೇರು ಸಮೇತ ಉದುರಿದ್ದಲ್ಲ, ನಡುವೆಯೇ ಮುರಿದದ್ದು. ಸಾಕು, ನನ್ನ ಬಣ್ಣಕ್ಕೆ ನಾನು ಮರಳುತ್ತೇನೆ ಅಂದುಕೊಂಡೆ.

ಕಪ್ಪಿನಿಂದ ಬಂಗಾರಕ್ಕೆ ಹೋಗುವುದು ಕಷ್ಟ, ಬಂಗಾರದಿಂದ ಕಪ್ಪಿಗೆ ಬರುವುದು ಸುಲಭ ಎಂದು ಎಲ್ಲರೂ ಹೇಳುತ್ತಾರೆ. ನಾನೂ ನಂಬಿದ್ದೆ. ಅರ್ಧ ಮಾತ್ರ ನಿಜ. ಬರುವುದು ಸುಲಭ, ಬಂದಲ್ಲಿ ಉಳಿಯುವುದು ಕಷ್ಟ. ಒಂದು ತಪ್ಪು ಹೆಜ್ಜೆ ಇಟ್ಟು, ಅದನ್ನು ಸರಿಮಾಡಲು ಐದು ತಿಂಗಳು ಓಡಾಡಿ, ನಾಲ್ಕೈದು ದಾರಿಗಳನ್ನು ಹತ್ತಿರದಿಂದ ನೋಡಿದ ಮೇಲೆ ಇದನ್ನು ಬರೆಯುತ್ತಿದ್ದೇನೆ. ಬೆಳಗಾವಿ, ಬಾಗಲಕೋಟೆ, ವಿಜಯಪುರದ ಕಡೆ ಇರುವವರಿಗೆ ನಮ್ಮ ನೀರು, ನಮ್ಮ ಬಿಸಿಲು ಕೂಡ ಲೆಕ್ಕಕ್ಕೆ ಬರುತ್ತದೆ. ಅದನ್ನೂ ಸೇರಿಸಿದ್ದೇನೆ.

ಮೊದಲು ಇದೊಂದು ತಿಳಿದಿರಲಿ

ನಮ್ಮ ಕೂದಲಿನ ಕಪ್ಪು ಬರೀ ಕಪ್ಪಲ್ಲ. ಅದರೊಳಗೆ ಕೆಂಪು ಇದೆ, ಕಿತ್ತಳೆ ಇದೆ, ಹಳದಿ ಇದೆ. ಬ್ಲೀಚ್ ಹಚ್ಚಿದಾಗ ಕೂದಲು ಹೇಗೆ ತಿಳಿಯಾಗುತ್ತದೆ ಎಂದು ಕನ್ನಡಿಯಲ್ಲಿ ನೋಡಿದ್ದೀರಾ? ಮೊದಲು ಕೆಂಪು, ಆಮೇಲೆ ಕಿತ್ತಳೆ, ಆಮೇಲೆ ಹಳದಿ, ಕೊನೆಗೆ ಬಾಳೆಹಣ್ಣಿನ ಸಿಪ್ಪೆಯ ಒಳಮೈಯಂಥ ತಿಳಿ ಹಳದಿ. ಒಂದೊಂದು ಮೆಟ್ಟಿಲಲ್ಲೂ ಒಂದೊಂದು ಬಣ್ಣ ಕೂದಲನ್ನು ಬಿಟ್ಟು ಹೋಗುತ್ತದೆ. ಪಾರ್ಲರ್‌ನವರು ಇದನ್ನು 1ರಿಂದ 10ರವರೆಗೆ ನಂಬರ್ ಹಾಕಿ ಎಣಿಸುತ್ತಾರೆ. 1 ಅಂದರೆ ಅಪ್ಪಟ ಕಪ್ಪು. 4 ಕಂದು. 10 ಅತಿ ತಿಳಿ ಬ್ಲಾಂಡ್, ಅಂದರೆ ತೀರಾ ತಿಳಿ ಬಂಗಾರ ಬಣ್ಣ. ನಮ್ಮ ಕಡೆಯ ಹೆಚ್ಚಿನವರ ಕೂದಲು 1ರಿಂದ 3ರೊಳಗೆ ಇರುತ್ತದೆ. ನನ್ನ ಹೈಲೈಟ್ಸ್ 8ರಿಂದ 9ರಲ್ಲಿತ್ತು.

ಅಂದರೆ ಆ ಎಳೆಗಳಲ್ಲಿ ಕೆಂಪೂ ಇಲ್ಲ, ಕಿತ್ತಳೆಯೂ ಇಲ್ಲ. ಹಳದಿ ಮಾತ್ರ ಉಳಿದಿದೆ. ಅದರ ಮೇಲೆ ಸೀದಾ ಡಾರ್ಕ್ ಬ್ರೌನ್ ಹಚ್ಚಿದರೆ, ಆ ಬಣ್ಣದಲ್ಲಿರುವ ನೀಲಿ ಛಾಯೆ ಈ ಹಳದಿಯನ್ನು ಸೇರುತ್ತದೆ. ಹಳದಿಗೆ ನೀಲಿ ಸೇರಿದರೆ ಏನಾಗುತ್ತದೆ ಎಂಬುದು ಚಿತ್ರ ಬರೆಯುವ ಮಕ್ಕಳಿಗೂ ಗೊತ್ತು. ಹಸಿರು. ಒಮ್ಮೊಮ್ಮೆ ಅಚ್ಚ ಹಸಿರಲ್ಲ, ಕೆಸರು ಬಣ್ಣ, ಇಲ್ಲವೇ ಬೂದಿ ಬಣ್ಣ.

ಎರಡನೆಯ ಸಂಗತಿ, ಬ್ಲೀಚ್ ಆದ ಕೂದಲಿನ ಮೈ ತೆರೆದಿರುತ್ತದೆ. ಗಾರೆ ಉದುರಿದ ಹಳೆಯ ಗೋಡೆಯ ಹಾಗೆ. ಅಂಥ ಗೋಡೆ ಬಣ್ಣವನ್ನು ಗಟಗಟ ಕುಡಿಯುತ್ತದೆ, ಮೊದಲ ದಿನ ಗಾಢವಾಗಿ ಕಾಣುತ್ತದೆ, ಒಂದು ಮಳೆಗಾಲದಲ್ಲಿ ಮಾಸಿ ಹೋಗುತ್ತದೆ. ಕೂದಲೂ ಹಾಗೇ. ಹಚ್ಚಿದ ದಿನ ಬಯಸಿದ್ದಕ್ಕಿಂತ ಕಪ್ಪಾಗಿ ಕಾಣುತ್ತದೆ. ಮೂರು ವಾರಕ್ಕೆ ತುದಿಗಳಲ್ಲಿ ಹಳದಿ ಇಣುಕುತ್ತದೆ. ಬಣ್ಣದಲ್ಲಿರುವ ಕೆಂಪು ಎಲ್ಲಕ್ಕಿಂತ ಮೊದಲು ತೊಳೆದು ಹೋಗುತ್ತದೆ.

ಈ ಎರಡು ಮಾತು ತಲೆಯಲ್ಲಿದ್ದರೆ ಕೆಳಗಿನ ಯಾವ ದಾರಿ ಏಕೆ ಹಾಗೆ ಎಂಬುದು ತಾನಾಗಿ ತಿಳಿಯುತ್ತದೆ.

ಮನೆಯಲ್ಲೇ ಡಬ್ಬಿ ಡೈ

ನಾನು ಮೊದಲು ಮಾಡಿದ್ದು ಇದನ್ನೇ. ಬಾಗಲಕೋಟೆಯಲ್ಲಿ ಕಾಕಾನ ಮಗಳ ಮದುವೆ ಇತ್ತು. ನಾಲ್ಕು ದಿನ ಮಾತ್ರ ಉಳಿದಿತ್ತು. ಅಂಗಡಿಯಿಂದ ಡಾರ್ಕ್ ಬ್ರೌನ್ ಡಬ್ಬಿ ತಂದೆ, ಹೇಳಿದಷ್ಟು ಹೊತ್ತು ಹಚ್ಚಿ ತೊಳೆದೆ. ಒದ್ದೆ ಇದ್ದಾಗ ಚೆನ್ನಾಗಿಯೇ ಕಂಡಿತು. ಒಣಗಿದ ಮೇಲೆ ಹಿತ್ತಲಿಗೆ ಬಂದು ನಿಂತೆ. ಅವ್ವ ಹತ್ತಿರ ಬಂದು ಒಂದು ಎಳೆ ಹಿಡಿದು ನೋಡಿ, "ಏನವಾ ಇದು, ಕೂದಲಕ್ಕ ಪಾಚಿ ಕಟ್ಟೇತಲ್ಲ" ಅಂದಳು. ಮದುವೆಯಲ್ಲಿ ಎರಡು ದಿನ ಸೆರಗು ತಲೆಯಿಂದ ಇಳಿಸಲಿಲ್ಲ. ಇಳಕಲ್ ಸೀರೆ ಉಟ್ಟು ಎಲ್ಲರೂ ಫೋಟೋ ತೆಗೆಸಿಕೊಳ್ಳುವಾಗ ನಾನು ಅಡುಗೆ ಮನೆಯ ಕಡೆ ಉಳಿದೆ. ಆ ನೋವು ಇನ್ನೂ ಇದೆ.

ಡಬ್ಬಿ ಕೆಟ್ಟದ್ದಲ್ಲ. ಅದು ನಮ್ಮಂಥವರಿಗಾಗಿ ಮಾಡಿದ್ದಲ್ಲ, ಅಷ್ಟೇ. ಕಪ್ಪು ಕೂದಲಲ್ಲಿ ಅಲ್ಲಲ್ಲಿ ಬಿಳಿ ಬಂದವರನ್ನು ಮನಸ್ಸಿನಲ್ಲಿಟ್ಟು ಅದನ್ನು ಮಾಡಿರುತ್ತಾರೆ. ಬ್ಲೀಚ್ ಆದ ಎಳೆಗೂ ಹುಟ್ಟು ಕಪ್ಪಿನ ಎಳೆಗೂ ಒಂದೇ ಬಣ್ಣ, ಒಂದೇ ಹೊತ್ತು. ಎರಡೂ ಬೇರೆ ಬೇರೆ ರೀತಿ ಹಿಡಿಯುತ್ತವೆ. ತಲೆ ತುಂಬ ಪಟ್ಟೆ ಪಟ್ಟೆ.

ಇನ್ನೊಂದು ತೊಂದರೆ ಆಮೇಲೆ ತಿಳಿಯುತ್ತದೆ. ಬಣ್ಣದ ಮೇಲೆ ತಿಳಿ ಬಣ್ಣ ಹಚ್ಚಿದರೆ ಕೂದಲು ತಿಳಿಯಾಗುವುದಿಲ್ಲ. ತೀರಾ ಕಪ್ಪಾಯಿತು ಅಂತ ಮೇಲೆ ಲೈಟ್ ಬ್ರೌನ್ ಹಚ್ಚಿದರೆ ಏನೂ ಆಗದು. ಕಲರ್ ರಿಮೂವರ್ ಬೇಕು, ಇಲ್ಲವೇ ಮತ್ತೆ ಬ್ಲೀಚ್ ಬೇಕು. ಮೊದಲೇ ಸೋತ ಕೂದಲಿಗೆ ಇನ್ನೊಂದು ಬ್ಲೀಚ್ ಅಂದರೆ ಮುರಿಯುವುದು ಖಂಡಿತ.

ಯಾರಿಗೆ ಸರಿ? ಹೈಲೈಟ್ಸ್ ತೀರಾ ಕಡಿಮೆ ಇದ್ದು, ಅದೂ ತಿಳಿ ಕಂದು ಅಥವಾ ಕಿತ್ತಳೆ ಛಾಯೆಯಲ್ಲಿ, 6-7ರಲ್ಲಿ ನಿಂತಿದ್ದರೆ ಡಬ್ಬಿ ನಡೆಯಬಹುದು. ಅಲ್ಲಿ ಇನ್ನೂ ಕಿತ್ತಳೆ ಉಳಿದಿರುತ್ತದೆ, ಹಸಿರಾಗುವ ಭಯ ಕಡಿಮೆ. ಆಗಲೂ ಹೆಸರಲ್ಲಿ ಆಶ್ ಅಂತ ಇರುವುದನ್ನು ಮುಟ್ಟಬೇಡಿ. ಆಶ್ ಅಂದರೆ ನೀಲಿ ಹಸಿರು ಛಾಯೆ. ಗೋಲ್ಡನ್ ಬ್ರೌನ್, ಚೆಸ್ಟ್‌ನಟ್ ಥರದ್ದು ತನ್ನಿ. ಬಯಸಿದ ಬಣ್ಣಕ್ಕಿಂತ ಒಂದು ನಂಬರ್ ತಿಳಿ ಬಣ್ಣದ್ದೇ ತನ್ನಿ. ಒಂದೇ ಒಂದು ಎಳೆಗೆ ಹಚ್ಚಿ, ಒಣಗಿಸಿ, ಬಿಸಿಲಲ್ಲಿ ನೋಡಿ. ಬಚ್ಚಲಮನೆಯ ಬಲ್ಬ್ ಬೆಳಕಿನಲ್ಲಿ ಹಸಿರು ಕಾಣುವುದಿಲ್ಲ.

ಪಾರ್ಲರ್‌ನಲ್ಲಿ ಫಿಲ್ಲರ್ ಹಾಕಿಸಿ ಪೂರ್ತಿ ಬಣ್ಣ

ಮದುವೆ ಮುಗಿಸಿ ಬಂದ ವಾರವೇ ಪಾರ್ಲರ್‌ಗೆ ಹೋದೆ. ಅಲ್ಲಿಯ ಹುಡುಗಿ ಕೂದಲನ್ನು ಕಿಟಕಿಯ ಹತ್ತಿರ ಹಿಡಿದು ನೋಡಿದಳು. ಬೈಯಲಿಲ್ಲ. "ಅಕ್ಕಾರ, ಈ ಕೂದಲಾಗ ಕೆಂಪ ಉಳದಿಲ್ಲ. ಮೊದಲ ಕೆಂಪ ಕುಡಸೂಣು, ಆಮ್ಯಾಲ ಕಂದ" ಅಂದಳು. ಇಡೀ ವಿದ್ಯೆ ಆ ಒಂದು ಮಾತಿನಲ್ಲಿದೆ.

ಫಿಲ್ಲರ್ ಅಂದರೆ ಬ್ಲೀಚ್ ತೆಗೆದುಕೊಂಡು ಹೋದ ಕೆಂಪು ಕಿತ್ತಳೆಯನ್ನು ವಾಪಸ್ ತುಂಬುವುದು. ಮೊದಲು ಬ್ಲೀಚ್ ಆದ ಎಳೆಗಳಿಗೆ ಮಾತ್ರ ತಾಮ್ರದ ಛಾಯೆಯ ಬಣ್ಣ ಹಚ್ಚುತ್ತಾರೆ. ಇಪ್ಪತ್ತು ನಿಮಿಷ ಬಿಟ್ಟಾಗ ತಲೆ ನೋಡಿಕೊಂಡರೆ ಗಾಬರಿಯಾಗುತ್ತದೆ. ಕ್ಯಾರೆಟ್ ಬಣ್ಣ ಬಂದಿರುತ್ತದೆ. ಹೆದರಬೇಡಿ, ಹಾಗೇ ಆಗಬೇಕು. ಅದರ ಮೇಲೆ ಕಂದು ಕೂತಾಗ ಆ ಕಂದು ಜೀವಂತವಾಗಿ ಕಾಣುತ್ತದೆ, ಮಣ್ಣಿನಂತೆ ಸತ್ತು ಬೀಳುವುದಿಲ್ಲ.

ಮೇಲಿನ ಬಣ್ಣ ಯಾವ ಜಾತಿಯದ್ದು ಎಂದು ಕೇಳುವುದು ಬಹಳ ಮುಖ್ಯ. ಪರ್ಮನೆಂಟ್ ಬಣ್ಣವನ್ನು ಸಾಮಾನ್ಯವಾಗಿ 20 ವಾಲ್ಯೂಮ್, ಅಂದರೆ 6 ಶೇಕಡಾ ಪೆರಾಕ್ಸೈಡ್ ಇರುವ ಡೆವಲಪರ್ ದ್ರವದ ಜೊತೆ ಕಲಸುತ್ತಾರೆ. ಅದು ಕೂದಲಿನ ಮೈಯನ್ನು ಮತ್ತೆ ತೆರೆಯುತ್ತದೆ. ಬ್ಲೀಚ್ ಆದ ಕೂದಲಿಗೆ ತೆರೆಯುವ ಅಗತ್ಯವೇ ಇಲ್ಲ, ಅದು ತೆರೆದೇ ಇದೆ. ಡೆಮಿ ಪರ್ಮನೆಂಟ್ ಬಣ್ಣಕ್ಕೆ 10 ವಾಲ್ಯೂಮ್, ಅಂದರೆ 3 ಶೇಕಡಾ, ಅಥವಾ ಅದಕ್ಕೂ ಕಡಿಮೆ ಸಾಕು. ಹಾನಿ ಬಹಳ ಕಡಿಮೆ. ಇನ್ನೊಂದು ಲಾಭ, ಡೆಮಿ ಬಣ್ಣ ನಿಮ್ಮ ಹುಟ್ಟು ಕಪ್ಪನ್ನು ಕದಲಿಸುವುದಿಲ್ಲ ಎನ್ನಬಹುದು. ಪರ್ಮನೆಂಟ್ ಬಣ್ಣ ತಲೆಬುಡದ ಕಪ್ಪನ್ನು ತುಸು ತಿಳಿ ಮಾಡಿ ಕೆಂಪಗೆ ಕಾಣಿಸುವಂತೆ ಮಾಡಬಹುದು. ಆಗ ಬುಡ ಕೆಂಪು, ತುದಿ ಕಪ್ಪು. ನೋಡಲು ಚೆನ್ನಾಗಿರುವುದಿಲ್ಲ.

ಡೆಮಿಯ ಕೊರತೆ ಏನು? ಅದು ತೊಳೆದು ಹೋಗುತ್ತದೆ. ಸುಮಾರು 20ರಿಂದ 24 ಸಲ ತಲೆ ಸ್ನಾನದವರೆಗೆ ಎಂದು ಲೆಕ್ಕ. ಬ್ಲೀಚ್ ಆದ ಕೂದಲಿನಲ್ಲಿ ಇನ್ನೂ ಬೇಗ. ಹಾಗಾಗಿ ಮೊದಲ ಆರು ತಿಂಗಳು ಐದಾರು ವಾರಕ್ಕೊಮ್ಮೆ ಮತ್ತೊಂದು ಕೋಟ್ ಬೇಕು. ಪ್ರತಿ ಸಲ ಸ್ವಲ್ಪ ಹೆಚ್ಚು ನಿಲ್ಲುತ್ತದೆ. ನನಗೆ ನಾಲ್ಕನೆಯ ಸಲದ ನಂತರ ಹಳದಿ ಇಣುಕುವುದು ನಿಂತಿತು.

ಖರ್ಚು ಹೈಲೈಟ್ಸ್ ಮಾಡಿಸಿದಷ್ಟೇ ಬರಬಹುದು. ಎರಡು ಬಣ್ಣ, ಎರಡು ಸಲದ ಕೆಲಸ ಅಲ್ವಾ. "ಫಿಲ್ಲರ್ ಬ್ಯಾಡ್ರಿ, ಸೀದಾ ಹಚ್ಚತೇವಿ, ಅಗ್ಗ ಆಗತದ" ಅನ್ನುವ ಪಾರ್ಲರ್‌ನಿಂದ ಎದ್ದು ಬನ್ನಿ. ಡಬ್ಬಿ ಡೈ ಮಾಡಿದ್ದನ್ನೇ ಅವರೂ ಮಾಡುತ್ತಾರೆ, ಬೆಲೆ ಮಾತ್ರ ಬೇರೆ.

ಮುಂದಿನ ವಾರ ಕಾರ್ಯಕ್ರಮ ಇದೆ, ತಲೆ ಪೂರ್ತಿ ಒಂದೇ ಬಣ್ಣ ಕಾಣಬೇಕು ಅನ್ನುವವರಿಗೆ ಇದೇ ಸರಿಯಾದ ದಾರಿ. ಫಾಯಿಲ್‌ಗಳ ನಡುವೆ ಬ್ಲೀಚ್ ಹಚ್ಚದೆ ಬಿಟ್ಟ ಕಪ್ಪು ಕಡಿಮೆ ಇದ್ದು, ಬಹುಪಾಲು ತಲೆ ಬ್ಲಾಂಡ್ ಆಗಿದ್ದವರಿಗೂ ಇದೇ.

ಲೋಲೈಟ್ಸ್: ಬಂದ ದಾರಿಯಲ್ಲೇ ಮರಳುವುದು

ಹೈಲೈಟ್ಸ್ ಮಾಡಿಸಿದವರ ದೊಡ್ಡ ಪುಣ್ಯ ಒಂದಿದೆ. ಫಾಯಿಲ್‌ಗಳ ನಡುವೆ ಬಿಟ್ಟ ಕೂದಲು ಇನ್ನೂ ನಮ್ಮದೇ. ಬ್ಲೀಚ್ ಮುಟ್ಟದ, ಗಟ್ಟಿಯಾದ, ಹುಟ್ಟು ಕಪ್ಪು. ಇಡೀ ತಲೆಯನ್ನು ಬ್ಲಾಂಡ್ ಮಾಡಿಸಿದವರಿಗೆ ಈ ಭಾಗ್ಯ ಇಲ್ಲ. ಹಾಗಿದ್ದ ಮೇಲೆ ಇಡೀ ತಲೆಗೆ ಏಕೆ ಬಣ್ಣ ಹಚ್ಚಬೇಕು?

ಲೋಲೈಟ್ಸ್‌ನಲ್ಲಿ ಅದೇ ಫಾಯಿಲ್, ಆದರೆ ಒಳಗೆ ಬ್ಲೀಚ್ ಬದಲು ಕಂದು. ಬ್ಲಾಂಡ್ ಎಳೆಗಳಲ್ಲಿ ಮೂರನೆಯ ಒಂದು ಪಾಲನ್ನು ಮಾತ್ರ ಆರಿಸಿ ಕಪ್ಪು ಮಾಡುತ್ತಾರೆ. ಎರಡು ತಿಂಗಳ ನಂತರ ಇನ್ನೊಂದು ಪಾಲು. ಜೊತೆಗೆ ಬುಡದಲ್ಲಿ ನಿಮ್ಮ ಕಪ್ಪಿಗೆ ಹೊಂದುವ ಬಣ್ಣವನ್ನು ಎರಡು ಮೂರು ಬೆರಳಗಲ ಕೆಳಗೆ ಎಳೆದು ಮಸುಕು ಮಾಡುತ್ತಾರೆ. ರೂಟ್ ಸ್ಮಜ್ ಅನ್ನುವುದು ಅದನ್ನೇ. ಬೆಳೆದ ಬುಡಕ್ಕೂ ಹಳೆಯ ಬ್ಲಾಂಡ್‌ಗೂ ನಡುವಿನ ಗೆರೆ ಮಾಯವಾಗುತ್ತದೆ.

ನನಗೆ ಇದು ಎಲ್ಲಕ್ಕಿಂತ ಇಷ್ಟವಾದ ದಾರಿ. ಅವಸರದಲ್ಲಿ ಆ ಡಬ್ಬಿ ತರದಿದ್ದರೆ ಇದನ್ನೇ ಮಾಡಿಸುತ್ತಿದ್ದೆ. ಕಾರಣ ಹೇಳುತ್ತೇನೆ. ಏಳು ವರ್ಷ ಕನ್ನಡಿಯಲ್ಲಿ ತಿಳಿ ಬಣ್ಣದ ಕೂದಲು ನೋಡಿದ ಕಣ್ಣಿಗೆ ಒಂದೇ ದಿನದಲ್ಲಿ ಪೂರ್ತಿ ಕಪ್ಪು ತೋರಿಸಿದರೆ ಮುಖವೇ ಬೇರೆಯವರದು ಅನಿಸುತ್ತದೆ. ಮೈಬಣ್ಣ ಬಾಡಿದಂತೆ, ಕಣ್ಣಿನ ಕೆಳಗೆ ಕಪ್ಪು ಹೆಚ್ಚಾದಂತೆ ಕಾಣುತ್ತದೆ. ನನ್ನ ಜೊತೆ ಕೆಲಸ ಮಾಡುವ ಒಬ್ಬರು ಹೀಗೆ ಒಂದೇ ದಿನದಲ್ಲಿ ಕಪ್ಪು ಮಾಡಿಸಿ, ವಾರದೊಳಗೆ ಅತ್ತು, ಮತ್ತೆ ಹೈಲೈಟ್ಸ್ ಕೇಳಿಕೊಂಡು ಹೋದರು. ಕೂದಲು ಅಷ್ಟರಲ್ಲಿ ಹಗ್ಗದ ನಾರಿನಂತಾಗಿತ್ತು. ಲೋಲೈಟ್ಸ್‌ನಲ್ಲಿ ಯಾವ ಹಂತದಲ್ಲಿ ಬೇಕಾದರೂ ನಿಲ್ಲಬಹುದು. ಇಷ್ಟು ಸಾಕು, ಇದೇ ಚೆನ್ನಾಗಿದೆ ಅನಿಸಿದರೆ ಅಲ್ಲಿಗೇ ಬಿಡಬಹುದು.

ಕೊರತೆ ಎಂದರೆ ಸಮಯ. ಕನಿಷ್ಠ ನಾಲ್ಕೈದು ತಿಂಗಳು ಬೇಕು. ಕೈ ಪಳಗಿದವರು ಬೇಕು, ಎಲ್ಲ ಪಾರ್ಲರ್‌ಗಳಲ್ಲಿ ಸಿಗುವುದಿಲ್ಲ. ಸಣ್ಣ ಊರಿನಲ್ಲಿದ್ದರೆ ಬೆಳಗಾವಿಗೋ ಹುಬ್ಬಳ್ಳಿಗೋ ಮೂರು ಸಲ ಓಡಾಡುವ ಖರ್ಚನ್ನೂ ಸೇರಿಸಿಕೊಳ್ಳಿ.

ಬೆಳೆಯಲು ಬಿಡುವುದು

ಕೂದಲು ತಿಂಗಳಿಗೆ ಸುಮಾರು ಒಂದು ಸೆಂಟಿಮೀಟರ್, ಅದಕ್ಕಿಂತ ಸ್ವಲ್ಪ ಹೆಚ್ಚು ಬೆಳೆಯುತ್ತದೆ. ವರ್ಷಕ್ಕೆ ಅರ್ಧ ಅಡಿ ಅನ್ನಿ. ಭುಜದವರೆಗಿನ ಕೂದಲು ಪೂರ್ತಿ ಬದಲಾಗಲು ಎರಡು ವರ್ಷದ ಮೇಲೆ ಬೇಕು. ಸೊಂಟದವರೆಗೆ ಜಡೆ ಇದ್ದವರಿಗೆ ನಾಲ್ಕೈದು ವರ್ಷ. ಖರ್ಚಿಲ್ಲ, ಹಾನಿಯಿಲ್ಲ, ಬಣ್ಣ ಮಾಸುವ ಚಿಂತೆಯಿಲ್ಲ. ಗಿಡ್ಡ ಕೂದಲಿನವರಿಗೆ ಇದಕ್ಕಿಂತ ಒಳ್ಳೆಯದು ಇಲ್ಲ. ಉದ್ದ ಕೂದಲಿನವರು ಒಮ್ಮೆ ರೂಟ್ ಸ್ಮಜ್ ಮಾಡಿಸಿ, ಮೂರು ತಿಂಗಳಿಗೊಮ್ಮೆ ಎರಡು ಇಂಚು ಕತ್ತರಿಸುತ್ತ ಹೋದರೆ ನಡುವಿನ ಕಾಲ ಅಷ್ಟು ಕಷ್ಟವಲ್ಲ.

ಒಂದು ಪರೀಕ್ಷೆ ಮಾಡಿ. ಒದ್ದೆ ಕೂದಲಿನ ಒಂದು ಎಳೆ ಹಿಡಿದು ಮೆಲ್ಲಗೆ ಎಳೆಯಿರಿ. ಸ್ವಲ್ಪ ಹಿಗ್ಗಿ ಮತ್ತೆ ಮೊದಲಿನಂತಾದರೆ ಕೂದಲಲ್ಲಿ ಇನ್ನೂ ಜೀವವಿದೆ. ಚ್ಯೂಯಿಂಗ್ ಗಮ್ ಹಾಗೆ ಹಿಗ್ಗುತ್ತಲೇ ಹೋಗಿ ಮುರಿದರೆ ಯಾವ ಬಣ್ಣವೂ ಬೇಡ. ಅಂಥ ಕೂದಲಿಗೆ ಕತ್ತರಿಯೇ ಸರಿ.

ಮದರಂಗಿ ಮತ್ತು ಇಂಡಿಗೋ

ನಮ್ಮ ಕಡೆ ಯಾರನ್ನು ಕೇಳಿದರೂ ಮೊದಲು ಬರುವ ಮಾತು ಇದು. "ಯಾಕ ಪಾರ್ಲರ್‌ಗೆ ದುಡ್ಡ ಸುರಿತೀ, ಮದರಂಗಿ ಹಚ್ಚಕೋ." ವಿಜಯಪುರದ ನನ್ನ ವೈನಿ, ಅಂದರೆ ಅತ್ತಿಗೆ, ಹಾಗೇ ಮಾಡಿದಳು. ಅವಳದ್ದು ಚೆನ್ನಾಗಿ ಬಂತು. ಆದರೆ ಅವಳು ಮಾಡಿದ ಕ್ರಮ ಗೊತ್ತಿರಬೇಕು.

ಮದರಂಗಿ ಎಲೆಯಲ್ಲಿರುವ ಬಣ್ಣ ಕೂದಲಿನ ಪ್ರೋಟೀನ್‌ಗೆ ಅಂಟಿಕೊಂಡು ಕೂತುಬಿಡುತ್ತದೆ. ಕಪ್ಪು ಕೂದಲಲ್ಲಿ ಅದು ಕೆಂಪು ಮಿಂಚು ಅಷ್ಟೇ. ಬ್ಲೀಚ್ ಆದ ಹಳದಿ ಕೂದಲಲ್ಲಿ ಅಚ್ಚ ಕಿತ್ತಳೆ. ಬರೀ ಮದರಂಗಿ ಹಚ್ಚಿ ಕಪ್ಪಾಗಲಿ ಎಂದು ಕಾದರೆ ಆಗುವುದಿಲ್ಲ. ಆ ಕಿತ್ತಳೆಯ ಮೇಲೆ ಇಂಡಿಗೋ, ಅಂದರೆ ನೀಲಿ ಗಿಡದ ಎಲೆಯ ಪುಡಿ, ಎರಡನೆಯ ಹಂತವಾಗಿ ಬರಬೇಕು. ಕಿತ್ತಳೆಗೆ ನೀಲಿ ಸೇರಿ ಕಂದು, ಮತ್ತೆ ಮತ್ತೆ ಹಚ್ಚಿದರೆ ಕಪ್ಪು. ನೋಡಿ, ಪಾರ್ಲರ್‌ನ ಫಿಲ್ಲರ್ ಲೆಕ್ಕವೇ ಇಲ್ಲೂ ಇದೆ. ಮೊದಲು ಕೆಂಪು, ಆಮೇಲೆ ಕಪ್ಪು. ನಮ್ಮ ಅಜ್ಜಿಯರ ಕಾಲದ ಪುಡಿಯೂ ಇಂದಿನ ಟ್ಯೂಬೂ ಒಂದೇ ನಿಯಮಕ್ಕೆ ತಲೆಬಾಗುತ್ತವೆ ಎಂದು ತಿಳಿದಾಗ ನನಗೆ ಬಹಳ ಖುಷಿಯಾಯಿತು.

ಕ್ರಮ ತಪ್ಪಿಸಿ ಹಳದಿ ಕೂದಲಿಗೆ ಸೀದಾ ಇಂಡಿಗೋ ಹಚ್ಚಿದರೆ ಮತ್ತೆ ಹಸಿರು.

ವೈನಿ ರಾತ್ರಿಯೇ ಮದರಂಗಿ ಕಲಸಿಟ್ಟು, ಬೆಳಿಗ್ಗೆ ಹಚ್ಚಿ ಮೂರು ತಾಸು ಬಿಟ್ಟು ಬರೀ ನೀರಲ್ಲಿ ತೊಳೆದಳು. ಇಂಡಿಗೋ ಪುಡಿಯನ್ನು ಉಗುರು ಬೆಚ್ಚಗಿನ ನೀರಲ್ಲಿ ಕಲಸಿ ಹತ್ತು ಹದಿನೈದು ನಿಮಿಷದಲ್ಲೇ ಹಚ್ಚಿದಳು. ಇಂಡಿಗೋ ಕಲಸಿಟ್ಟು ಕಾಯಿಸಿದರೆ ಸತ್ವ ಹೋಗುತ್ತದೆ. ತೊಳೆದ ಮೇಲೆ ಎರಡು ದಿನ ಶಾಂಪೂ ಇಲ್ಲ. ಆ ಎರಡು ದಿನದಲ್ಲಿ ಗಾಳಿಗೆ ಬಣ್ಣ ಇನ್ನೂ ಗಾಢವಾಗುತ್ತದೆ. ಹದಿನೈದು ದಿನಕ್ಕೊಮ್ಮೆ ಹೀಗೆ ಮೂರು ಸಲ ಮಾಡಿದ ಮೇಲೆ ಅವಳ ಕೂದಲು ಒಂದೇ ಸಮ ಕಂಡಿತು. ದಪ್ಪವೂ ಕಂಡಿತು. ಖರ್ಚು ಪಾರ್ಲರ್‌ನ ಹತ್ತನೇ ಒಂದು ಪಾಲೂ ಇಲ್ಲ.

ಇಷ್ಟಾದರೂ ನಾನು ಮಾಡಲಿಲ್ಲ. ಕಾರಣ ಒಂದೇ. ಇದು ಒಮ್ಮುಖ ರಸ್ತೆ. ಮದರಂಗಿ ಇಂಡಿಗೋ ಕೂತ ಕೂದಲನ್ನು ಮುಂದೆ ತಿಳಿ ಮಾಡುವುದು ಬಹಳ ಕಷ್ಟ. ಪಾರ್ಲರ್‌ನ ಕಲರ್ ರಿಮೂವರ್ ಅದಕ್ಕೆ ಕೆಲಸ ಮಾಡುವುದಿಲ್ಲ. ಬ್ಲೀಚ್ ಹಾಕಿದರೆ ಇಂಡಿಗೋ ಹಸಿರಿಗೆ ತಿರುಗುತ್ತದೆ. ಇನ್ನು ಮೇಲೆ ಎಂದೂ ತಿಳಿ ಬಣ್ಣ ಬೇಡ ಎಂದು ಮನಸ್ಸು ಗಟ್ಟಿ ಇದ್ದವರು ಮಾತ್ರ ಈ ಕಡೆ ಬನ್ನಿ. ವೈನಿಯ ಮನಸ್ಸು ಗಟ್ಟಿ ಇತ್ತು. ನನ್ನದು ಅಷ್ಟಿರಲಿಲ್ಲ.

ಪ್ಯಾಕೆಟ್ ಹಿಂಭಾಗವನ್ನು ಓದದೆ ಏನನ್ನೂ ಹಚ್ಚಬೇಡಿ. ಮದರಂಗಿಯಿಂದ ತಾನಾಗಿ ಕಪ್ಪು ಬರುವುದಿಲ್ಲ. ಬ್ಲ್ಯಾಕ್ ಮೆಹಂದಿ ಅಂತ ಮಾರುವ ಪುಡಿಯಲ್ಲಿ ಇಂಡಿಗೋ ಇರಬೇಕು, ಇಲ್ಲವೇ ಡೈಯಲ್ಲಿರುವ ಪಿಪಿಡಿ ರಾಸಾಯನಿಕ ಇರುತ್ತದೆ. ಕೆಲವದರಲ್ಲಿ ಲೋಹದ ಲವಣ ಬೆರೆಸಿರುತ್ತಾರೆ. ಅದು ಕೂದಲಲ್ಲಿದ್ದಾಗ ಮುಂದೆಂದೋ ಪಾರ್ಲರ್‌ನಲ್ಲಿ ಪೆರಾಕ್ಸೈಡ್ ಹಚ್ಚಿದರೆ ಕೂದಲು ಬಿಸಿಯೇರಿ ಸುಟ್ಟಂತಾಗುತ್ತದೆ. ಹಾಗಾಗಿ ಹಿಂದೆ ಮದರಂಗಿ ಹಚ್ಚಿದ್ದರೆ ಪಾರ್ಲರ್‌ನಲ್ಲಿ ಮುಚ್ಚಿಡಬೇಡಿ.

ಗರಗದ (ಭೃಂಗರಾಜ) ಎಣ್ಣೆ, ಕರಿಬೇವಿನ ಎಣ್ಣೆ ಹಚ್ಚಿದರೆ ಹಳದಿ ಕೂದಲು ಕಪ್ಪಾಗುತ್ತದೆಯೇ ಎಂದು ನನ್ನ ಅತ್ತೆ ಕೇಳಿದ್ದರು. ಆಗುವುದಿಲ್ಲ. ತಲೆಯಿಂದ ಹೊರಗೆ ಬಂದ ಕೂದಲು ಹೊಸ ಬಣ್ಣ ತಯಾರಿಸುವುದಿಲ್ಲ. ಆದರೆ ಸ್ನಾನಕ್ಕೆ ಮೊದಲು ಕೊಬ್ಬರಿ ಎಣ್ಣೆ ಹಚ್ಚುವುದು ನಿಜಕ್ಕೂ ಒಳ್ಳೆಯದು. ತೊಳೆಯುವಾಗ ಕೂದಲಿನ ಪ್ರೋಟೀನ್ ಕಳೆದುಹೋಗುವುದನ್ನು ಅದು ಕಡಿಮೆ ಮಾಡುತ್ತದೆ.

ಕಲರ್ ಕಂಡೀಷನರ್, ಸೆಮಿ ಪರ್ಮನೆಂಟ್ ಬಣ್ಣಗಳ ಬಗ್ಗೆ ಹೆಚ್ಚು ಹೇಳುವುದಿಲ್ಲ. ಡೆವಲಪರ್ ಬೇಕಿಲ್ಲ, ಹಾನಿಯಿಲ್ಲ, ಕೆಲವು ಸಲ ತೊಳೆದರೆ ಹೋಗುತ್ತದೆ. ಕಪ್ಪು ನನಗೆ ಒಪ್ಪುತ್ತದೋ ಇಲ್ಲವೋ ಎಂದು ನೋಡಲು, ಎರಡು ಪಾರ್ಲರ್ ಭೇಟಿಗಳ ನಡುವೆ ಮಾಸಿದ್ದನ್ನು ತುಂಬಲು ಚೆನ್ನಾಗಿದೆ. ಅದರಿಂದಲೇ ಮರಳಿ ಕಪ್ಪಾಗುತ್ತೇನೆ ಅಂದರೆ ದಿಂಬಿನ ಕವರ್ ಕಪ್ಪಾಗುತ್ತದೆ.

ಎದುರುಬದುರು ಇಟ್ಟು ನೋಡಿದರೆ

ಕೈಯಲ್ಲಿ ದುಡ್ಡು ಕಡಿಮೆ, ಮತ್ತೆ ತಿಳಿ ಬಣ್ಣ ಎಂದೂ ಬೇಡ ಎನ್ನುವವರಿಗೆ ಮದರಂಗಿ-ಇಂಡಿಗೋ. ದುಡ್ಡು ಕಡಿಮೆ, ಆದರೆ ಮನಸ್ಸು ಎರಡಾಗಿದೆ ಎನ್ನುವವರು ಬೆಳೆಯಲು ಬಿಡಿ. ದುಡ್ಡಿದೆ, ಸಮಯ ಇಲ್ಲ ಅಂದರೆ ಫಿಲ್ಲರ್ ಮತ್ತು ಡೆಮಿ. ಎರಡೂ ಇದ್ದರೆ ಲೋಲೈಟ್ಸ್, ಕಣ್ಣು ಮುಚ್ಚಿ. ಡಬ್ಬಿ ಡೈ ಮತ್ತು ಫಿಲ್ಲರ್ ನಡುವೆ ಖರ್ಚು ನೋಡಿ ಡಬ್ಬಿ ಆರಿಸುವವರಿಗೆ ಒಂದು ಮಾತು. ನನ್ನ ಡಬ್ಬಿ ಮಾಡಿದ ಹಸಿರನ್ನು ತೆಗೆಸಲು ಕೊಟ್ಟ ದುಡ್ಡು, ಮೊದಲೇ ಫಿಲ್ಲರ್ ಹಾಕಿಸಿದ್ದರೆ ಆಗುತ್ತಿದ್ದ ಖರ್ಚಿಗಿಂತ ಜಾಸ್ತಿ.

ಯಾವ ದಾರಿ ಹಿಡಿದರೂ ಅಪ್ಪಟ ಕಪ್ಪು, ಅಂದರೆ 1, ಕೇಳಬೇಡಿ. ನಮ್ಮ ಹುಟ್ಟು ಕೂದಲು ಕಪ್ಪು ಅನಿಸಿದರೂ ಬಿಸಿಲಲ್ಲಿ ಕಂದು ಮಿಂಚುತ್ತದೆ. ಡೈ ಕಪ್ಪು ಮಿಂಚುವುದಿಲ್ಲ, ಮಸಿ ಬಳಿದಂತೆ ಕಾಣುತ್ತದೆ. 4 ಅಥವಾ 5 ಕೇಳಿ. ತೆರೆದ ಮೈಯ ಕೂದಲು ಅದನ್ನೇ ಒಂದು ಮೆಟ್ಟಿಲು ಗಾಢವಾಗಿ ತೋರಿಸುತ್ತದೆ. ಕಡಿಮೆಯಾಯಿತು ಅನಿಸಿದರೆ ಮುಂದಿನ ಸಲ ಕಪ್ಪು ಮಾಡಬಹುದು. ಹೆಚ್ಚಾದದ್ದನ್ನು ತೆಗೆಯುವುದು ಕಷ್ಟ.

ಸ್ಮೂಥನಿಂಗ್, ಅಂದರೆ ಕೂದಲು ನೇರ ಮಾಡುವ ಟ್ರೀಟ್‌ಮೆಂಟ್, ಮಾಡಿಸುವ ಯೋಚನೆ ಇದ್ದರೆ ಬ್ಲೀಚ್ ಆದ ಕೂದಲಿಗೆ ಬೇಡವೇ ಬೇಡ. ಕೆರಾಟಿನ್ ಆದರೆ ಅದು ಮೊದಲು, ಬಣ್ಣ ಆಮೇಲೆ. ಉಲ್ಟಾ ಮಾಡಿದರೆ ಆ ಬಿಸಿಗೆ ಹೊಸ ಬಣ್ಣ ಮಾಸಬಹುದು.

ನಮ್ಮ ನೀರು, ನಮ್ಮ ಬಿಸಿಲು

ಬೆಳಗಾವಿಯ ನಳದ ನೀರು ರಕ್ಕಸಕೊಪ್ಪ ಜಲಾಶಯ ಮತ್ತು ಹಿಡಕಲ್ ಡ್ಯಾಮ್‌ನಿಂದ ಬರುತ್ತದೆ. ಹೊಳೆಯ ನೀರು, ಬಣ್ಣಕ್ಕೆ ಅಷ್ಟು ತೊಂದರೆ ಕೊಡದು. ಬೋರ್ ನೀರಿನ ಮಾತು ಬೇರೆ. ಬಾಗಲಕೋಟೆ ಜಿಲ್ಲೆಯಲ್ಲಿ ಸುಣ್ಣದ ಕಲ್ಲಿನ ನೆಲ ಬಹಳ. ಸಿಮೆಂಟ್ ಕಾರ್ಖಾನೆಗಳು ಅಲ್ಲಿರುವುದು ಅದಕ್ಕೇ. ಆ ನೆಲದ ಬೋರ್ ನೀರಿನಲ್ಲಿ ಸುಣ್ಣದ ಅಂಶ ಬರುತ್ತದೆ. ವಿಜಯಪುರದಲ್ಲಿ ವೈನಿಯ ಮನೆಯ ಬೋರ್ ನೀರೂ ಸವಳು. ಬಕೆಟ್‌ಗೆ ಬಿಳಿ ಪದರ ಕಟ್ಟುವ ನೀರು ಕೂದಲಿಗೂ ಪದರ ಕಟ್ಟುತ್ತದೆ. ಬಣ್ಣ ಮಂಕಾಗುತ್ತದೆ, ಒಂದೇ ಸಮ ಹಿಡಿಯುವುದಿಲ್ಲ. ಕಬ್ಬಿಣದ ಅಂಶವಿದ್ದರೆ ಕೆಂಚು, ತಾಮ್ರದ ಅಂಶವಿದ್ದರೆ ತಿಳಿ ಕೂದಲಿಗೆ ಹಸಿರು ಛಾಯೆ.

ಹಾಗಾಗಿ ಬೋರ್ ನೀರಿನ ಮನೆಯವರು ಬಣ್ಣಕ್ಕೆ ಎರಡು ಮೂರು ದಿನ ಮೊದಲು ಚೀಲೇಟಿಂಗ್ ಶಾಂಪೂ ಹಾಕಿ ಒಮ್ಮೆ ತೊಳೆಯಿರಿ. ಇಡಿಟಿಎ ಅಂತ ಬರೆದಿರುತ್ತದೆ, ಅದು ಖನಿಜದ ಪದರವನ್ನು ಬಿಡಿಸುತ್ತದೆ. ಬಣ್ಣ ಹಚ್ಚಿದ ಮೇಲೆ ಅದನ್ನು ಪದೇ ಪದೇ ಹಾಕಬೇಡಿ, ಬಣ್ಣವನ್ನೂ ತೆಗೆಯುತ್ತದೆ. ವೈನಿ ಕೊನೆಯ ಒಂದು ತಂಬಿಗೆ ನೀರನ್ನು ಕುಡಿಯುವ ಫಿಲ್ಟರ್ ನೀರಿನಿಂದ ಹಾಕಿಕೊಳ್ಳುತ್ತಾಳೆ. ಸಣ್ಣ ಉಪಾಯ, ವ್ಯತ್ಯಾಸ ಕಾಣುತ್ತದೆ. ಮೊದಲ ಎರಡು ಮೂರು ದಿನ ತಲೆ ಸ್ನಾನ ಬೇಡ. ಆಮೇಲೆ ವಾರಕ್ಕೆ ಎರಡು ಸಲ ಸಾಕು. ಕುದಿವ ನೀರು ಹಾಕಿಕೊಳ್ಳುವ ನಮ್ಮ ಅಭ್ಯಾಸ ಬಿಡಬೇಕು, ಉಗುರು ಬೆಚ್ಚಗೆ ಇರಲಿ. ಸಲ್ಫೇಟ್ ಇಲ್ಲದ ಶಾಂಪೂ ಇರಲಿ. ವಿಜಯಪುರದ ಏಪ್ರಿಲ್ ಮೇ ಬಿಸಿಲು 40 ಡಿಗ್ರಿ ಮುಟ್ಟುತ್ತದೆ, ಆ ಬಿಸಿಲು ಬಣ್ಣವನ್ನು ಹೀರುತ್ತದೆ. ಸ್ಕೂಟರ್ ಮೇಲೆ ಹೋಗುವಾಗ ಸ್ಕಾರ್ಫ್ ಕಟ್ಟಿ. ಬಣ್ಣ ಹಚ್ಚಿಸಲು ಬೇಸಿಗೆಗಿಂತ ಮಳೆಗಾಲದ ನಂತರದ ದಿನಗಳು ಒಳ್ಳೆಯವು ಎಂಬುದು ನನ್ನ ಅನುಭವ.

ಪಾರ್ಲರ್ ಕುರ್ಚಿಯಲ್ಲಿ ಕೂರುವ ಮೊದಲು

ಪ್ಯಾಚ್ ಟೆಸ್ಟ್ ಬಿಡಬೇಡಿ. ಏಳು ವರ್ಷ ಬ್ಲೀಚ್ ಹಾಕಿಸಿದ್ದೇನೆ, ನನಗೇನೂ ಆಗಿಲ್ಲ ಅನ್ನುವುದು ಲೆಕ್ಕಕ್ಕೆ ಬರುವುದಿಲ್ಲ. ಅಲರ್ಜಿ ತರಬಲ್ಲ ಪಿಪಿಡಿ ಬ್ಲೀಚ್‌ನಲ್ಲಿ ಇರುವುದಿಲ್ಲ, ಹೆಚ್ಚಿನ ಕಪ್ಪು ಡೈಗಳಲ್ಲಿ ಇರುತ್ತದೆ. ಕಿವಿಯ ಹಿಂದೆ ಚುಕ್ಕೆಯಷ್ಟು ಹಚ್ಚಿ 48 ತಾಸು ನೋಡಿ. ತುರಿಕೆ, ಊತ, ಕೆಂಪು ಕಂಡರೆ ಆ ಬಣ್ಣ ನಿಮಗಲ್ಲ. ಹಿಂದೆ ಬ್ಲ್ಯಾಕ್ ಮೆಹಂದಿ ಹಾಕಿಸಿ ಕೈ ಬೊಬ್ಬೆ ಬಂದಿದ್ದರೆ ಡೈಯ ಹತ್ತಿರವೂ ಹೋಗಬೇಡಿ, ಮೊದಲು ಚರ್ಮದ ಡಾಕ್ಟರನ್ನು ಕಾಣಿ.

ಆಮೇಲೆ ಕೇಳಿ. ಫಿಲ್ಲರ್ ಹಾಕುತ್ತೀರಾ? ಪರ್ಮನೆಂಟೋ ಡೆಮಿಯೋ? ಡೆವಲಪರ್ ಎಷ್ಟು? ನನ್ನ ಹುಟ್ಟು ಕಪ್ಪನ್ನು ಮುಟ್ಟದೆ ಬಿಡುತ್ತೀರಾ? ಕೆಲಸ ಗೊತ್ತಿದ್ದವರು ಈ ಪ್ರಶ್ನೆಗಳಿಗೆ ಸಿಟ್ಟಾಗುವುದಿಲ್ಲ, ಖುಷಿಯಿಂದ ಹೇಳುತ್ತಾರೆ.

ಬಣ್ಣದ ನಂಬರ್ ಕೇಳಿ ಫೋನಿನಲ್ಲಿ ಬರೆದಿಟ್ಟುಕೊಳ್ಳಿ. ಲೋರಿಯಾಲ್ ಕಂಪನಿಯ ಲೆಕ್ಕದಲ್ಲಿ ಚುಕ್ಕೆಯ ಎಡಗಡೆಯದು ಗಾಢತೆ, ಬಲಗಡೆಯದು ಛಾಯೆ. .1 ಆಶ್, .3 ಗೋಲ್ಡ್, .4 ತಾಮ್ರ, .6 ಕೆಂಪು. ಬೇರೆ ಕಂಪನಿಗಳ ಲೆಕ್ಕ ಬೇರೆ ಇರುತ್ತದೆ, ಆದ್ದರಿಂದ ಕಂಪನಿ ಹೆಸರನ್ನೂ ಬರೆಯಿರಿ. ನನ್ನ ಫೋನಿನಲ್ಲಿ ಹೀಗಿದೆ: ಹಸಿರು ಅಳಿಸಲು, ತುಂಬಲು 6.46, ಹೈಲೈಟ್ಸ್ ಎಳೆಗಳಿಗೆ ಮಾತ್ರ, 20 ನಿಮಿಷ. ಮೇಲೆ 5 ಮತ್ತು 5.3 ಸಮಸಮ, ಡೆಮಿ. ಬುಡ ಮುಟ್ಟಿಲ್ಲ. ಮುಂದಿನ ಸಲ ತುದಿಗೆ ಮಾತ್ರ.